ತನ್ನ ದನಿಗೆ ತಾನೇ ಶ್ರೋತೃ

ಮದರಾಸು ಪ್ರಾಂತದ ಭಾಷೆಗಳನ್ನೂ ಉಪಭಾಷೆಗಳನ್ನೂ ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಡಿಸಿ, ಅವುಗಳ ಪಠ್ಯವನ್ನು 1927ರಲ್ಲಿ ಈ ನಗರದಲ್ಲಿ ಅಚ್ಚುಹಾಕಿಸಿದ್ದುಂಟು. ಗ್ರಿಯರ್ಸನ್ನರ ಭಾಷಾಸಮೀಕ್ಷೆಯೊಡನೆ ಬೆಳೆದ ಈ ಕಾರ್ಯದಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ವಿದ್ವಾಂಸರು ಅವನ್ನು ಉಚ್ಚಾರಣೆಯ ದಾಖಲೆಗಳೆಂದಷ್ಟೇ ಗಣಿಸುವುದು ವಾಡಿಕೆ. ನನಗಾದರೋ ಅವುಗಳಲ್ಲಿ ಇನ್ನೊಂದು ಮಹತ್ತ್ವ ಕಾಣುತ್ತದೆ: ಮಾತನಾಡಿದವನು ತನ್ನ ದನಿಯನ್ನು ಪರರಂತೆ ಕೇಳುವುದು ಇಂಥ ಯಂತ್ರದಿಂದಲೇ ಸಾಧ್ಯವಾಯಿತು. ಆಡುವಾಗ ನಮ್ಮ ದನಿ ಗಾಳಿಯ ಮೂಲಕವೂ ತಲೆಯ ಎಲುಬುಗಳ ಮೂಲಕವೂ ಒಳಗಿವಿಯನ್ನು ಸೇರುತ್ತದೆ. ತಟ್ಟೆಯಿಂದ ಬರುವುದು ಗಾಳಿಯ ಪಾಲು ಮಾತ್ರ. ಅದು ಅಪರಿಚಿತವೆಂದು ತೋರುವುದು ಇದರಿಂದಲೇ.

ಆದರೆ ತಟ್ಟೆ ಕೇಳಿಸುವುದು ಮಾತು ಮುಗಿದ ಮೇಲೆ. ಮಾತು ಹೊರಡುತ್ತಿರುವಾಗಲೇ ಕಿವಿ ಅದನ್ನು ಆಳುತ್ತದೆಂಬುದಕ್ಕೆ ಬೇರೆ ಪ್ರಮಾಣ ಬೇಕಾಯಿತು. 1911ರಲ್ಲಿ ಪ್ಯಾರಿಸಿನ ವೈದ್ಯ ಲೊಂಬಾರ್ಡ್, ಕಿವಿಯಲ್ಲಿ ಗದ್ದಲ ತುಂಬಿದರೆ ಮನುಷ್ಯನು ತನಗರಿಯದೆಯೇ ದನಿಯೇರಿಸುವನೆಂದೂ ಗದ್ದಲ ನಿಂತೊಡನೆ ಇಳಿಸುವನೆಂದೂ ತೋರಿಸಿದನು. ಮುಂದೆ ಟೇಪ್ ಯಂತ್ರ ಬಂದಿತು. ಅದರಲ್ಲಿ ಬರೆಯುವ ತಲೆ, ಓದುವ ತಲೆ ಬೇರೆ ಬೇರೆ. ನಡುವಣ ಅಂತರವನ್ನು ದಾಟಲು ಟೇಪಿಗೆ ಕ್ಷಣಾಂಶ ಬೇಕು. 1950ರಲ್ಲಿ ಅಮೆರಿಕೆಯ ಲೀ, ಇದನ್ನೇ ಬಳಸಿ, ಸ್ವಂತ ದನಿ ತಡವಾಗಿ ಕೇಳಿಸಿದರೆ ನಿರರ್ಗಳ ವಾಗ್ಮಿಯೂ ತೊದಲುವನೆಂದು ವರದಿ ಮಾಡಿದನು. ಸುಮಾರು ಐದನೆಯ ಒಂದು ಸೆಕೆಂಡಿನ ತಡವೇ ಸಾಕು. ನಮ್ಮ ಗಾಯಕರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಮೈಲಾಪುರದ ಕಚೇರಿಗಳಲ್ಲಿ ಬೆನ್ನ ಹಿಂದೆ ತಂಬೂರಿ ಮೀಟಿಸುವುದು ಶೋಭೆಗಾಗಿ ಅಲ್ಲವಷ್ಟೆ.

1998ರಲ್ಲಿ ಹೌಡ್ ಮತ್ತು ಜೋರ್ಡಾನ್ ಪ್ರಕಟಿಸಿದ ಪ್ರಯೋಗವು ಇನ್ನೂ ಸೂಕ್ಷ್ಮವಾದುದು. ಆಡುವವನ ಸ್ವರವನ್ನು ಗಣಕಯಂತ್ರದಿಂದ ಒಡನೊಡನೆ ಬದಲಿಸಿ ಅವನಿಗೇ ಕೇಳಿಸಿದಾಗ, ಅವನ ನಾಲಗೆ ಎದುರು ದಿಕ್ಕಿಗೆ ಸರಿದು ಆ ಬದಲಾವಣೆಯನ್ನು ಸರಿದೂಗಿಸಲು ಯತ್ನಿಸಿತು. ಎಂದರೆ, ಕಿವಿಯು ಕೇಳಿದುದನ್ನು ತಾನು ನಿರೀಕ್ಷಿಸಿದುದರೊಡನೆ ಹೋಲಿಸುತ್ತದೆ. ಆ ನಿರೀಕ್ಷೆ ಹುಟ್ಟುಗುಣವಲ್ಲ, ಶೈಶವದಲ್ಲಿ ಕೇಳಿ ಗಳಿಸಿದ್ದು.

ಕಿವುಡು ಮಗುವಿನ ಸಂಕಟ ಇಲ್ಲಿಯೇ ಇದೆ. ಕೇಳುವ ಶಿಶು ಹತ್ತು ತಿಂಗಳೊಳಗೆ 'ಬಾಬಾ', 'ದಾದಾ' ಎಂದು ತೊದಲತೊಡಗುತ್ತದೆ. ತನ್ನ ದನಿಯೇ ಕೇಳದ ಶಿಶುವಿನಲ್ಲಿ ಅದು ತಡವಾಗುತ್ತದೆ. ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್‌ಶ್ರವಣ ಸಂಸ್ಥೆಯೂ, ಈ ನಗರದಲ್ಲಿ 1969ರಲ್ಲಿ ಬಾಲ ವಿದ್ಯಾಲಯವೂ ಸ್ಥಾಪಿತವಾದವು. ಎಳೆವೆಯಲ್ಲಿಯೇ ಶ್ರವಣಯಂತ್ರ ತೊಡಿಸಿ ಮಾತು ಕಲಿಸುವುದು ಬಾಲ ವಿದ್ಯಾಲಯದ ಮಾರ್ಗ.

ಚೆನ್ನೈಯ ಕನ್ನಡ ಮನೆಯಲ್ಲಿ ಅಂಥ ಮಗು ಹುಟ್ಟಿದಾಗ, ಬೀದಿಯ ತಮಿಳೋ ಶಾಲೆಯ ಇಂಗ್ಲಿಷೋ ಸಾಕು, ಕನ್ನಡ ಬಿಡಿ ಎಂಬ ಸಲಹೆ ಸುಲಭವಾಗಿ ಬರುತ್ತದೆ. ನಾನು ಇದನ್ನು ಒಪ್ಪಲಾರೆ. ಮಗು ತನ್ನ ದನಿಯನ್ನು ಹೋಲಿಸಿಕೊಳ್ಳಬೇಕಾದ ಮಾತು ದಿನವಿಡೀ, ತಡವರಿಸದೆ, ಹತ್ತಿರದಿಂದ ಕೇಳಿಬರಬೇಕು. ಅರೆಬರೆ ತಮಿಳಿನ ತಾಯಿ ಅದನ್ನು ಕನ್ನಡದಲ್ಲಿ ಮಾತ್ರ ಕೊಡಬಲ್ಲಳು.