ಬಾತ್: ಬಿಸಿನೀರಿನ ಊರಿಗೆ ಎರಡು ಸಾವಿರ ವರ್ಷಗಳ ಪ್ರವಾಸ

ಇಂಗ್ಲೆಂಡಿನ ಬಾತ್ ನಗರ ಲಂಡನ್ನಿನಿಂದ ಪಶ್ಚಿಮಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿ, ಏವನ್ ನದಿಯ ದಂಡೆಯ ಮೇಲಿದೆ. ಲಂಡನ್ನಿನಲ್ಲಿ ಬೆಳಗ್ಗೆ ಬಸ್ಸು ಹತ್ತಿ, ಗೈಡ್ ಜೊತೆ ಸುತ್ತಾಡಿ ರಾತ್ರಿಗೆ ಮರಳುವ ಪ್ರವಾಸಗಳಲ್ಲಿ ಸ್ಟೋನ್‌ಹೆಂಜ್ ಮತ್ತು ಬಾತ್ ಹೆಚ್ಚಾಗಿ ಜೋಡಿಯಾಗಿಯೇ ಬರುತ್ತವೆ. ಇಂಥ ಒಂದು ದಿನದ ಭೇಟಿ ಈಚಿನದು. ಹೊರಗಿನವರು ಬಾತ್‌ಗೆ ಬರುವ ರೂಢಿ ಎರಡು ಸಾವಿರ ವರ್ಷ ಹಳೆಯದು. ಬರುವವರ ಉದ್ದೇಶ ಬದಲಾದಂತೆಲ್ಲ ಊರಿನ ರೂಪವೂ ಬದಲಾಗಿದೆ.

ದಾರಿಯಲ್ಲಿ ಮೊದಲು ಸಿಗುವುದು ಸಾಲಿಸ್ಬರಿ ಬಯಲಿನ ಸ್ಟೋನ್‌ಹೆಂಜ್. ಇಲ್ಲಿ ಕ್ರಿ.ಪೂ. 3000ರ ಸುಮಾರಿಗೆ ದುಂಡನೆಯ ಕಂದಕ ತೋಡಲಾಯಿತು. ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಹೊತ್ತಿಗೆ. ಸುಮಾರು 25 ಟನ್ ತೂಗುವ ಈ ಕಲ್ಲುಗಳಲ್ಲಿ ಹೆಚ್ಚಿನವು 25 ಕಿ.ಮೀ. ದೂರದ ವೆಸ್ಟ್ ವುಡ್ಸ್‌ನವು ಎಂದು 2020ರಲ್ಲಿ ಗೊತ್ತಾಯಿತು. ಚಿಕ್ಕ ನೀಲಿಗಲ್ಲುಗಳು ಬಂದದ್ದು 200 ಕಿ.ಮೀ.ಗೂ ಆಚೆಯ ವೇಲ್ಸ್‌ನ ಪ್ರಿಸೆಲಿ ಬೆಟ್ಟಗಳಿಂದ. ನಿಲುವುಗಲ್ಲಿನ ನೆತ್ತಿಯಲ್ಲಿ ಗೂಟ, ಅಡ್ಡಗಲ್ಲಿನ ಅಡಿಯಲ್ಲಿ ಕುಳಿ ಕೆತ್ತಿ, ಮರವನ್ನು ಜೋಡಿಸುವ ರೀತಿಯಲ್ಲಿಯೇ ಒಂದಕ್ಕೊಂದು ಕೂರಿಸಲಾಗಿದೆ. 1915ರ ಹರಾಜಿನಲ್ಲಿ ಸೆಸಿಲ್ ಚಬ್ ಎಂಬಾತ 6,600 ಪೌಂಡ್ ಕೊಟ್ಟು ಇದನ್ನು ಕೊಂಡು, 1918ರಲ್ಲಿ ದೇಶಕ್ಕೆ ದಾನವಾಗಿ ಕೊಟ್ಟ. 1970ರ ದಶಕದ ಕೊನೆಯಿಂದ ಸಾಮಾನ್ಯ ಪ್ರವಾಸಿಗರು ಹಗ್ಗದ ಆಚೆ ನಿಂತೇ ನೋಡಬೇಕು.

ಬಾತ್ ಹುಟ್ಟಿದ್ದು ಬಿಸಿನೀರಿನ ಬುಗ್ಗೆಯಿಂದ. ಮೆಂಡಿಪ್ ಬೆಟ್ಟಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಸುರಿದ ಮಳೆ ಸುಣ್ಣಕಲ್ಲಿನ ಸಂದುಗಳಲ್ಲಿ ಆಳಕ್ಕಿಳಿದು, ಭೂಮಿಯ ಒಡಲಿನಲ್ಲಿ ಕಾದು, ಬಂಡೆಯ ಬಿರುಕಿನ ಮೂಲಕ ಮೇಲೇರುತ್ತದೆ ಎಂಬುದು ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪುವ ವಿವರಣೆ. ಮುಖ್ಯ ಬುಗ್ಗೆಯಲ್ಲಿ ದಿನಕ್ಕೆ ಸುಮಾರು 11.7 ಲಕ್ಷ ಲೀಟರ್ ನೀರು 46 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉಕ್ಕುತ್ತದೆ.

ಸ್ಥಳೀಯ ಕೆಲ್ಟ್ ಜನ ಈ ಬುಗ್ಗೆಯನ್ನು ಸುಲಿಸ್ ದೇವಿಯ ನೆಲೆ ಎಂದು ನಂಬಿದ್ದರು. ಕ್ರಿ.ಶ. 43ರಲ್ಲಿ ಬ್ರಿಟನ್ನಿಗೆ ದಂಡೆತ್ತಿ ಬಂದ ರೋಮನ್ನರು ಆ ದೇವಿಯನ್ನು ಕಿತ್ತುಹಾಕದೆ ತಮ್ಮ ಮಿನರ್ವಾ ಜೊತೆ ಒಂದಾಗಿಸಿ, ಗುಡಿಯನ್ನೂ ಸ್ನಾನಗೃಹಗಳನ್ನೂ ಕಟ್ಟಿದರು. ಊರಿಗೆ ಅಕ್ವೇ ಸುಲಿಸ್ ಎಂಬ ಹೆಸರಾಯಿತು. 1.6 ಮೀಟರ್ ಆಳದ ದೊಡ್ಡ ಕೊಳದ ತಳಕ್ಕೆ ಅವರು ಹಾಸಿದ 45 ಸೀಸದ ಹಾಳೆಗಳು ಇಂದಿಗೂ ಅಲ್ಲಿವೆ. ಫ್ರಾನ್ಸಿನ ಶಾರ್ತ್ರ್ ಕಡೆಯ ಕಲ್ಲುಕುಟಿಗ ಪ್ರಿಸ್ಕಸ್, ಜರ್ಮನಿಯ ಟ್ರಿಯರ್‌ನ ಪೆರೆಗ್ರಿನಸ್ ಮುಂತಾದವರ ಶಾಸನಗಳು ದೂರದವರೂ ಬರುತ್ತಿದ್ದರೆಂದು ತೋರಿಸುತ್ತವೆ. ಭಕ್ತರು ಬುಗ್ಗೆಗೆ 12,000ಕ್ಕೂ ಹೆಚ್ಚು ನಾಣ್ಯಗಳನ್ನು ಹಾಕಿದ್ದರು. ಅದರಲ್ಲೇ ಸಿಕ್ಕ ಸುಮಾರು 130 ತೆಳು ಲೋಹದ ತಗಡುಗಳ ತುಂಬ ದೇವಿಗೆ ಸಲ್ಲಿಸಿದ ದೂರುಗಳಿವೆ, ಹೆಚ್ಚಿನವು ಕಳವಿನವು. ಡೊಸಿಮೆಡಿಸ್ ಎಂಬಾತ ಎರಡು ಕೈಗವಸು ಕಳೆದುಕೊಂಡು, ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಬೇಡಿಕೊಂಡಿದ್ದಾನೆ.

ಐದನೆಯ ಶತಮಾನದಲ್ಲಿ ರೋಮನ್ ಆಡಳಿತ ಕೊನೆಗೊಂಡ ಮೇಲೆ ಕಟ್ಟಡಗಳು ಕುಸಿದು ಹೂಳಿನಡಿ ಸೇರಿದವು. ಮುಂದೆ ಊರು ಕ್ರೈಸ್ತ ಮಠದ ಆಶ್ರಯದಲ್ಲಿ ಬೆಳೆಯಿತು. 973ರಲ್ಲಿ ಎಡ್ಗರ್ ದೊರೆಗೆ ಇಲ್ಲಿ ಪಟ್ಟಾಭಿಷೇಕವಾಯಿತು. 12ನೆಯ ಶತಮಾನದಲ್ಲಿ ಬುಗ್ಗೆಯ ಮೇಲೆಯೇ ಕಿಂಗ್ಸ್ ಬಾತ್ ಎಂಬ ಕೊಳ ಕಟ್ಟಲಾಯಿತು. ಚರ್ಮರೋಗ, ಕೀಲುನೋವಿನವರು ಅಲ್ಲಿ ಮುಳುಗಿ ಕೂರುತ್ತಿದ್ದರು.

ರೋಗಿಗಳ ಊರು ಶ್ರೀಮಂತರ ವಿಹಾರದ ಊರಾದದ್ದು 18ನೆಯ ಶತಮಾನದಲ್ಲಿ. ರಾಣಿ ಆ್ಯನ್ 1702 ಮತ್ತು 1703ರಲ್ಲಿ ಬಂದು ಹೋದ ಮೇಲೆ ಬಾತ್‌ಗೆ ಹೋಗುವುದೇ ಪ್ರತಿಷ್ಠೆಯಾಯಿತು. ಸಮಾರಂಭಗಳ ಉಸ್ತುವಾರಿ ಹೊತ್ತ ಬೋ ನ್ಯಾಷ್, ನೃತ್ಯಕೂಟ ಎಷ್ಟು ಹೊತ್ತಿಗೆ ಮುಗಿಯಬೇಕೆಂಬುದರಿಂದ ಹಿಡಿದು ಊರೊಳಗೆ ಕತ್ತಿ ಧರಿಸಬಾರದೆಂಬುದರವರೆಗೆ ನಿಯಮ ಮಾಡಿದ. ತಿಂಗಳುಗಟ್ಟಲೆ ತಂಗುವವರಿಗೆ ಬಾಡಿಗೆ ಮನೆಗಳು ಬೇಕಾದವು. ರಾಲ್ಫ್ ಆ್ಯಲೆನ್‌ನ ಗಣಿಗಳಿಂದ ಜೇನುಬಣ್ಣದ ಕಲ್ಲು ಬಂತು. ವಾಸ್ತುಶಿಲ್ಪಿ ಜಾನ್ ವುಡ್ ಅದರಲ್ಲಿ ಬೀದಿಗಳನ್ನೇ ಕಟ್ಟಿದ. 1740ರಲ್ಲಿ ಸ್ಟೋನ್‌ಹೆಂಜ್‌ನ ಅಳತೆ ಮಾಡಿದವನೂ ಇವನೇ. 1754ರಲ್ಲಿ ಆರಂಭವಾದ ಸರ್ಕಸ್ ಎಂಬ ದುಂಡು ಬಡಾವಣೆಗೆ ಆ ಕಲ್ಲಿನ ವರ್ತುಲವೂ ಪ್ರೇರಣೆ ಎಂದು ಹೇಳಲಾಗುತ್ತದೆ. 30 ಮನೆಗಳ ರಾಯಲ್ ಕ್ರೆಸೆಂಟ್ ಅದೇ ಹೆಸರಿನ ಅವನ ಮಗನ ಕೆಲಸ. ಭಾರತದಲ್ಲಿ ಸಂಪತ್ತು ಗಳಿಸಿ ಮರಳಿದ ರಾಬರ್ಟ್ ಕ್ಲೈವ್ ಸರ್ಕಸ್‌ನಲ್ಲಿ ಮನೆ ಮಾಡಿದ್ದ. ಸಂಗೀತಗಾರನಾಗಿ ಬಾತ್‌ನಲ್ಲಿ ನೆಲೆಸಿದ ವಿಲಿಯಂ ಹರ್ಷೆಲ್ 1781ರ ಮಾರ್ಚ್ 13ರಂದು ತನ್ನ ಮನೆಯ ತೋಟದಿಂದ ಯುರೇನಸ್ ಗ್ರಹವನ್ನು ಗುರುತಿಸಿದ. ಕಾದಂಬರಿಕಾರ್ತಿ ಜೇನ್ ಆಸ್ಟಿನ್ 1801ರಿಂದ 1806ರವರೆಗೆ ಇಲ್ಲಿದ್ದಳು.

ಅಷ್ಟರಲ್ಲಿ ಸಿರಿವಂತರ ಒಲವು ಸಮುದ್ರಸ್ನಾನದತ್ತ, ಬ್ರೈಟನ್‌ನಂಥ ಊರುಗಳತ್ತ ತಿರುಗಿತ್ತು. ಇತ್ತ ದಾರಿ ಚುರುಕಾಗುತ್ತ ಬಂತು. 1784ರಲ್ಲಿ ಬಾತ್‌ನ ಜಾನ್ ಪಾಮರ್ ಓಡಿಸಿದ ಅಂಚೆ ಸಾರೋಟು ಬ್ರಿಸ್ಟಲ್‌ನಿಂದ ಬಾತ್ ಮೂಲಕ 16 ಗಂಟೆಯಲ್ಲಿ ಲಂಡನ್ ಮುಟ್ಟಿತು. 1841ರಲ್ಲಿ ಬಾಕ್ಸ್ ಸುರಂಗ ತೆರೆದು ಗ್ರೇಟ್ ವೆಸ್ಟರ್ನ್ ರೈಲುಮಾರ್ಗ ಪೂರ್ತಿಯಾದಾಗ, ಬೆಳಗ್ಗೆ ಬಂದು ಅದೇ ದಿನ ಮರಳುವುದು ಸಾಧ್ಯವಾಯಿತು. ಬಂದವರಿಗೆ ಹೊಸ ನೋಟವೂ ಸಿಕ್ಕಿತು: 1880ರ ದಶಕದ ಹೊತ್ತಿಗೆ ನಗರದ ಸರ್ವೇಯರ್ ಚಾರ್ಲ್ಸ್ ಡೇವಿಸ್ ರೋಮನ್ ಕೊಳವನ್ನು ಅಗೆದು ಹೊರತೆಗೆದ. ಇಂದು ಕಾಣುವ ಕಂಬಗಳಲ್ಲಿ ಬುಡ ಮಾತ್ರ ರೋಮನ್. ಅದರಿಂದ ಮೇಲಿನದು, ಚಕ್ರವರ್ತಿಗಳ ಪ್ರತಿಮೆಗಳೂ ಸೇರಿ, ವಿಕ್ಟೋರಿಯಾ ಕಾಲದ್ದು. ಹಿಂದೆ ಚಾವಣಿಯಿದ್ದ ಕೊಳಕ್ಕೆ ಈಗ ಬಿಸಿಲು ಬೀಳುವುದರಿಂದ ಪಾಚಿ ಬೆಳೆದು ನೀರು ಹಸಿರಾಗಿದೆ.

1978ರಲ್ಲಿ ನೀರಿನಲ್ಲಿದ್ದ ಅಮೀಬಾದ ಸೋಂಕಿನಿಂದ ಒಂದು ಸಾವು ಸಂಭವಿಸಿ, ಸಾರ್ವಜನಿಕ ಸ್ನಾನ ನಿಂತಿತು. ಆಳದ ಕೊಳವೆಬಾವಿಗಳಿಂದ ಶುದ್ಧ ನೀರು ಪಡೆಯುವ ಏರ್ಪಾಡಾಗಿ, 2006ರಲ್ಲಿ ಥರ್ಮೆ ಬಾತ್ ಸ್ಪಾ ಎಂಬ ಹೊಸ ಸ್ನಾನಗೃಹ ತೆರೆಯಿತು. ರೋಮನ್ ಕೊಳದಲ್ಲಿ ಇಳಿಯುವುದಕ್ಕೂ ಕೈಯಿಡುವುದಕ್ಕೂ ಅವಕಾಶವಿಲ್ಲ. 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಾತ್, 2021ರಲ್ಲಿ ಯುರೋಪಿನ 11 ಪ್ರಸಿದ್ಧ ಸ್ಪಾ ಪಟ್ಟಣಗಳಲ್ಲೊಂದಾಗಿ ಎರಡನೆಯ ಸಲ ಅದೇ ಮನ್ನಣೆ ಪಡೆಯಿತು.