ಒಣನೆಲದ ನಡುವಿನ ಕಾಡಿಗೆ ಎರಡು ದಿನ: ಚಿಂಚೋಳಿ ಚಾರಣಕ್ಕೆ ಮುನ್ನ ತಿಳಿದಿರಬೇಕಾದದ್ದು

ಭಂಕೂರ: ಶಹಾಬಾದ್ ಫರ್ಸಿಯ ಗಣಿಗಳು, ವಾಡಿ-ಸೇಡಂ ನಡುವಿನ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು, ಕಣ್ಣು ಹಾಯಿಸಿದಷ್ಟು ದೂರ ತೊಗರಿ ಹೊಲ. ಭಂಕೂರದಿಂದ ಪೂರ್ವಕ್ಕೆ ಹೊರಟ ಪ್ರಯಾಣಿಕನಿಗೆ ಈ ದಾರಿಯ ಕೊನೆಯಲ್ಲಿ ಗುಡ್ಡ, ಕಣಿವೆ ಮತ್ತು ಕಾಡು ಇರಬಹುದೆಂಬ ಊಹೆಯೂ ಮೂಡುವುದಿಲ್ಲ. ಆದರೆ ಸೇಡಂ ದಾಟಿ, ಸುಲೇಪೇಟ ಮಾರ್ಗವಾಗಿ ಚಿಂಚೋಳಿ ತಲುಪಿ, ಅಲ್ಲಿಂದ ತೆಲಂಗಾಣದ ಗಡಿಯತ್ತ ತಿರುಗಿದರೆ ಕರಿಮಣ್ಣು ಕ್ರಮೇಣ ಕೆಂಪಾಗುತ್ತದೆ. ಬಯಲು ಮುಗಿದು ಏರಿಳಿತ ಆರಂಭವಾಗುತ್ತದೆ. ಇದೇ ಚಿಂಚೋಳಿ ವನ್ಯಜೀವಿ ಧಾಮ.

2011ರಲ್ಲಿ ಘೋಷಣೆಯಾದ ಈ ಧಾಮದ ವಿಸ್ತೀರ್ಣ ಸುಮಾರು 134.88 ಚದರ ಕಿ.ಮೀ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದೇ ಇದನ್ನು ಗುರುತಿಸಲಾಗುತ್ತದೆ. ಕುಂಚಾವರಂ ಕಾಡಿಗೆ ಪತ್ರಿಕೆಗಳು ಕೊಟ್ಟಿರುವ ‘ಕಲ್ಯಾಣ ಕರ್ನಾಟಕದ ಮಲೆನಾಡು’ ಎಂಬ ಬಿರುದು ಮಾತ್ರ ಹೊಸಬರನ್ನು ದಾರಿ ತಪ್ಪಿಸುವಂಥದ್ದು. ಮಳೆಗಾಲದ ಮೂರು ನಾಲ್ಕು ತಿಂಗಳು ಆ ಮಾತು ಒಪ್ಪುತ್ತದೆ. ಮಾರ್ಚ್ ಬಂದೊಡನೆ ಇದು ಎಲೆ ಉದುರಿಸಿ ನಿಂತ, ನೀರಿಗಾಗಿ ಕಾಯುವ ಒಣ ಕಾಡು. ಕೊಡಗು ಅಥವಾ ಚಿಕ್ಕಮಗಳೂರಿನ ಚಾರಣದ ಅನುಭವವನ್ನೇ ನೆಚ್ಚಿಕೊಂಡು ಇಲ್ಲಿಗೆ ಬರುವವರು ಮೊದಲು ಅರಿಯಬೇಕಾದ ವ್ಯತ್ಯಾಸ ಇದು. ಅಲ್ಲಿ ಆಯಾಸ ತರುವುದು ಏರು. ಇಲ್ಲಿ ಆಯಾಸ ತರುವುದು ಬಿಸಿಲು.

ಕಾಡು ಇಲ್ಲೇಕೆ ಉಳಿದಿದೆ?

ಉತ್ತರ ನೆಲದಲ್ಲಿದೆ. ಶಹಾಬಾದ್, ವಾಡಿ, ಸೇಡಂ ಸುತ್ತಲಿನದು ಸುಣ್ಣದ ಕಲ್ಲಿನ ಪದರ. ಮನೆಗಳ ನೆಲಕ್ಕೆ ಹಾಸುವ ಫರ್ಸಿಯೂ ಸಿಮೆಂಟೂ ಅದರಿಂದಲೇ ಬಂದವು. ಚಿಂಚೋಳಿಯಿಂದ ಬೀದರದವರೆಗಿನ ಎತ್ತರದ ನೆಲದಲ್ಲಿ ಕಪ್ಪು ಬಸಾಲ್ಟ್ ಶಿಲೆಯ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆ ಇದೆ. ತೂತುತೂತಾದ ಈ ಕಲ್ಲು ಮಳೆನೀರನ್ನು ಹೀರಿಕೊಂಡು, ಕೆಳಗಿನ ಗಟ್ಟಿ ಶಿಲೆ ಎದುರಾದಲ್ಲಿ ಪಕ್ಕಕ್ಕೆ ಒಸರುವಂತೆ ಮಾಡುತ್ತದೆ. ಬಯಲು ಒಣಗಿದ ಮೇಲೂ ಕಣಿವೆಗಳಲ್ಲಿ ಕೆಲವು ಕಾಲ ತೇವ ಉಳಿಯುವುದು ಹೀಗೆ. ಧಾಮದ ಅಂಚಿನಲ್ಲಿ ತೇಗ ಹಾಗೂ ಜಾಲಿ ಜಾತಿಯ ನೆಡುತೋಪುಗಳಿದ್ದು, ಒಳಭಾಗದಲ್ಲಿ ಎಲೆಯುದುರುವ ಸಹಜ ಕಾಡು ಇದೆ. ರಕ್ತಚಂದನ ಮತ್ತು ಶ್ರೀಗಂಧದ ಗಿಡಗಳೂ ಇಲ್ಲಿ ಕಂಡುಬರುತ್ತವೆ.

ಈ ಭಾಗದ ನೀರು ಮುಲ್ಲಾಮಾರಿಗೆ ಇಳಿಯುತ್ತದೆ. ಮುಲ್ಲಾಮಾರಿ ಕಾಗಿಣಾ ನದಿಯನ್ನು ಕೂಡುತ್ತದೆ. ಕಾಗಿಣಾ ಶಹಾಬಾದ್ ಸಮೀಪದ ಹೊನಗುಂಟಾದಲ್ಲಿ ಭೀಮೆಯನ್ನು ಸೇರುತ್ತದೆ. ಹೀಗಾಗಿ ಭಂಕೂರದವರಿಗೆ ಈ ಕಾಡು ದೂರದ ಪ್ರವಾಸಿ ತಾಣವಷ್ಟೇ ಅಲ್ಲ, ತಮ್ಮ ಸೀಮೆಯ ಹೊಳೆಯ ಮೇಲ್ಭಾಗವೂ ಹೌದು.

ಯಾವಾಗ ಹೋಗಬೇಕು?

ಸೆಪ್ಟೆಂಬರ್ ಕೊನೆಯಿಂದ ಜನವರಿಯವರೆಗೆ. ಈ ಪ್ರದೇಶಕ್ಕೆ ಮಳೆ ಹೆಚ್ಚಾಗಿ ಬೀಳುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಎತ್ತಿಪೋತ ಜಲಪಾತವನ್ನು ನೋಡಬೇಕೆನ್ನುವವರು ಮಳೆ ನಿಂತ ಕೆಲವೇ ವಾರಗಳಲ್ಲಿ ಹೋಗುವುದು ಸೂಕ್ತ. ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಬರಿ ಬಂಡೆ. ಇದೇ ಹೆಸರಿನ ಹೆಚ್ಚು ಪ್ರಸಿದ್ಧವಾದ ಜಲಪಾತವೊಂದು ಆಂಧ್ರಪ್ರದೇಶದಲ್ಲಿ ನಾಗಾರ್ಜುನಸಾಗರದ ಬಳಿ ಇದೆ. ಅಂತರ್ಜಾಲದಲ್ಲಿ ಎರಡರ ಚಿತ್ರಗಳೂ ಬೆರೆತುಹೋಗಿರುವುದರಿಂದ ಅಲ್ಲಿನ ಧಾರೆಯನ್ನು ಕಂಡು ಇಲ್ಲಿಗೆ ಬಂದು ನಿರಾಶರಾಗುವುದು ಬೇಡ.

ನವೆಂಬರ್-ಡಿಸೆಂಬರಿನಲ್ಲಿ ನೀರು ಇಳಿದಿರುತ್ತದಾದರೂ ನಡಿಗೆಗೆ ಇದೇ ಒಳ್ಳೆಯ ಕಾಲ. ದಾರಿಯುದ್ದಕ್ಕೂ ತೊಗರಿ ಹೂವು, ಕಾಯಿ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಸೀಮೆ ಇದೇ. ಫೆಬ್ರುವರಿ ನಂತರ ಕಾಡ್ಗಿಚ್ಚಿನ ಭೀತಿ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆ ಕಾಲದಲ್ಲಿ ಇಲ್ಲಿ ಚಾರಣ ಯೋಜಿಸುವುದು ಸಾಹಸವಲ್ಲ, ಅವಿವೇಕ. ಅಳಿದುಳಿದ ನೀರಿನ ಗುಂಡಿಗಳಿಗೆ ಪ್ರಾಣಿಗಳು ಬರುವ ಸಮಯವೂ ಅದೇ. ಅಲ್ಲಿ ಮನುಷ್ಯರ ಗದ್ದಲವಿದ್ದರೆ ಅವು ಬಾಯಾರಿಕೆಯಿಂದಲೇ ಹಿಂತಿರುಗುತ್ತವೆ.

ಹೋಗುವುದು ಹೇಗೆ?

ಬೆಂಗಳೂರಿನಿಂದ ಬರುವವರು ಶುಕ್ರವಾರ ರಾತ್ರಿಯ ರೈಲು ಹಿಡಿದು ಬೆಳಿಗ್ಗೆ ವಾಡಿ ಅಥವಾ ಕಲಬುರಗಿಯಲ್ಲಿ ಇಳಿಯಬಹುದು. ವಾಡಿಯಿಂದ ಸಿಕಂದರಾಬಾದ್ ಕಡೆಗೆ ಕವಲೊಡೆಯುವ ಮಾರ್ಗ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಮೂಲಕ ಸಾಗುತ್ತದೆ. 1874ರಲ್ಲಿ ಸಂಚಾರಕ್ಕೆ ತೆರೆದ ಈ ಹಳಿ ನಿಜಾಮರ ರೈಲ್ವೆಯ ಮೊದಲ ಮಾರ್ಗ. ಚಿಂಚೋಳಿಗೆ ಇಂದಿಗೂ ರೈಲಿಲ್ಲ. ಸೇಡಂ ಅಥವಾ ತಾಂಡೂರಿನಲ್ಲಿ ಇಳಿದು ರಸ್ತೆ ಹಿಡಿಯಬೇಕು. ಕಲಬುರಗಿಯಿಂದ ಚಿಂಚೋಳಿಗೆ ಸುಮಾರು 85 ಕಿ.ಮೀ. ಇದ್ದು, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಿವೆ.

ತೊಡಕು ಎದುರಾಗುವುದು ಚಿಂಚೋಳಿಯ ನಂತರ. ಚಂದ್ರಂಪಳ್ಳಿ, ಗೊಟ್ಟಂಗೊಟ್ಟ, ಕುಂಚಾವರಂ ಕಡೆಗೆ ಹೋಗುವ ವಾಹನಗಳು ಊರಿನವರ ಸಂತೆ, ಶಾಲೆ, ಆಸ್ಪತ್ರೆಯ ವೇಳೆಗೆ ಹೊಂದಿಕೊಂಡವೇ ಹೊರತು ಪ್ರವಾಸಿಗರ ಅನುಕೂಲಕ್ಕಲ್ಲ. ಸಂಜೆಯ ಬಸ್ಸು ತಪ್ಪಿದರೆ ಬೇರೆ ದಾರಿ ಇರದು. ಆದ್ದರಿಂದ ನಾಲ್ಕೈದು ಜನ ಸೇರಿ ಚಿಂಚೋಳಿಯಿಂದಲೇ ಜೀಪು ಗೊತ್ತುಮಾಡಿಕೊಳ್ಳುವುದು, ಹಿಂತಿರುಗುವ ಹೊತ್ತನ್ನೂ ಮೊದಲೇ ಮಾತಾಡಿಕೊಳ್ಳುವುದು ಒಳಿತು. ಸ್ವಂತ ವಾಹನದಲ್ಲಿ ಬರುವವರು ಚಿಂಚೋಳಿಯಲ್ಲಿಯೇ ಇಂಧನ ತುಂಬಿಸಿಕೊಳ್ಳಬೇಕು.

ಅನುಮತಿ: ಔಪಚಾರಿಕತೆ ಅಲ್ಲ

ಗೊಟ್ಟಂಗೊಟ್ಟದವರೆಗೆ ರಸ್ತೆ ಇದೆ, ಜನ ಓಡಾಡುತ್ತಾರೆ, ಹಾಗಾಗಿ ಕಾಡಿನೊಳಗೂ ನಡೆಯಬಹುದು ಎಂಬ ತರ್ಕ ಹಲವರದು. ಇದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಧಾಮದೊಳಗೆ ಅನುಮತಿ ಇಲ್ಲದೆ ಇರಬಹುದಾದವರು ಕರ್ತವ್ಯನಿರತ ಸರ್ಕಾರಿ ನೌಕರರು, ಅಲ್ಲಿ ವಾಸಿಸಲು ಅವಕಾಶ ಪಡೆದವರು, ಅಲ್ಲಿ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವವರು ಮತ್ತು ಇವರ ಅವಲಂಬಿತರು ಮಾತ್ರ. ರಸ್ತೆ ಬಿಟ್ಟು ಕಾಲುದಾರಿ ಹಿಡಿದ ಕ್ಷಣದಿಂದ ಪ್ರವಾಸಿಗನಿಗೆ ಪರವಾನಗಿ ಬೇಕು. ಪ್ರವಾಸ, ಛಾಯಾಗ್ರಹಣ, ಅಧ್ಯಯನಗಳಿಗೆ ಪರವಾನಗಿ ನೀಡಲು 28ನೇ ಕಲಮು ಅವಕಾಶ ಕಲ್ಪಿಸಿದೆ. ಬೆಂಕಿ ಹಚ್ಚುವುದನ್ನು 30ನೇ ಕಲಮು, ಆಯುಧದೊಡನೆ ಪ್ರವೇಶಿಸುವುದನ್ನು 31ನೇ ಕಲಮು ನಿರ್ಬಂಧಿಸುತ್ತವೆ. ರಾತ್ರಿ ಶಿಬಿರಾಗ್ನಿಯ ಸುತ್ತ ಕುಳಿತು ಹಾಡುವ ಕನಸನ್ನು ಊರಲ್ಲೇ ಬಿಟ್ಟು ಬರಬೇಕು.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಒಂದೇ ವೇಳೆಗೆ ಜನ ಮುಗಿಬಿದ್ದ ನಂತರ ರಾಜ್ಯದಲ್ಲಿ ಚಾರಣದ ನಿಯಮಗಳು ಬಿಗಿಯಾದವು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ಟಿಕೆಟ್ ತಾಣವನ್ನು ಆರಂಭಿಸಿತು. ಹೊರಡುವ ವಾರಕ್ಕೆ ಮೊದಲೇ ಆ ತಾಣವನ್ನು ನೋಡಿ, ಚಿಂಚೋಳಿಯ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನೂ ಸಂಪರ್ಕಿಸಿ ಯಾವ ದಾರಿ ತೆರೆದಿದೆ, ವಾಸ್ತವ್ಯ ಎಲ್ಲಿ, ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕಚೇರಿಗೆ ಹೆಸರು ಬರೆಸಿ ಹೋಗುವುದರಿಂದ ಇನ್ನೊಂದು ಉಪಯೋಗವಿದೆ: ಸಂಜೆಗೆ ಮರಳದಿದ್ದರೆ ಹುಡುಕುವವರು ಇರುತ್ತಾರೆ.

ಎರಡು ದಿನಗಳ ಹಂಚಿಕೆ

ಮೊದಲ ದಿನ ಮಧ್ಯಾಹ್ನದೊಳಗೆ ಚಿಂಚೋಳಿ ಸೇರಿ, ಬಿಸಿಲಿಳಿದ ಮೇಲೆ ಚಂದ್ರಂಪಳ್ಳಿ ಜಲಾಶಯದ ಪರಿಸರವನ್ನು ನೋಡಬಹುದು. ಗುಡ್ಡಗಳ ನಡುವೆ, ಮುಲ್ಲಾಮಾರಿಗೆ ಸೇರುವ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಇದು. ನೀರು ಶಾಂತವಾಗಿ ಕಂಡರೂ ದಂಡೆಯ ಆಳ ಹೊರಗಿನವರಿಗೆ ತಿಳಿಯದು, ಇಳಿಯಬಾರದು. ನಿಜವಾದ ನಡಿಗೆಗೆ ಎರಡನೆಯ ದಿನದ ಮುಂಜಾವು ಮೀಸಲಿರಲಿ. ಬೆಳಕು ಹರಿಯುತ್ತಲೇ ಹೊರಟು ಹನ್ನೊಂದರೊಳಗೆ ನೆರಳಿಗೆ ಮರಳುವಂತೆ ದಾರಿಯನ್ನು ಆರಿಸಿಕೊಳ್ಳಬೇಕು. ಇಲ್ಲಿ ಏರಿ ನಿಂತು ಬೀಗುವಂಥ ಶಿಖರವಿಲ್ಲ. ದಿಬ್ಬದಿಂದ ದಿಬ್ಬಕ್ಕೆ, ಹಳ್ಳದಿಂದ ಹಳ್ಳಕ್ಕೆ ನಡೆಯುವುದೇ ಚಾರಣ.

ಕೃಷ್ಣಮೃಗ, ಕೊಂಡುಕುರಿ, ತೋಳ, ಕತ್ತೆಕಿರುಬ, ನರಿ ಈ ಧಾಮದಲ್ಲಿವೆ. ಅವು ಕಂಡೇ ಕಾಣುತ್ತವೆ ಎಂದುಕೊಂಡು ಹೋಗುವಂತಿಲ್ಲ. ಕಾಜಾಣ, ಗೌಜಲಕ್ಕಿ, ಕರಿತಲೆಯ ಹೊನ್ನಕ್ಕಿ, ಗಿಳಿಗಳು ಮಾತ್ರ ಮೌನವಾಗಿ ನಡೆದವರನ್ನು ನಿರಾಶೆಗೊಳಿಸುವುದಿಲ್ಲ.

ನೀರು ಮತ್ತು ಬುತ್ತಿ

ಚಳಿಗಾಲದಲ್ಲಿಯೂ ಅರ್ಧ ದಿನದ ನಡಿಗೆಗೆ ತಲಾ 3 ಲೀಟರ್ ನೀರು ಬೇಕು. ಹಳ್ಳದ ನೀರನ್ನು ನೆಚ್ಚಿ ಬಾಟಲಿ ಕಡಿಮೆ ಮಾಡಿಕೊಳ್ಳುವುದು ಅಪಾಯಕರ. ಓಆರ್‌ಎಸ್ ಪುಡಿ ಚೀಲದಲ್ಲಿರಲಿ. ತಲೆನೋವು, ವಾಕರಿಕೆ, ಬೆವರು ನಿಂತುಹೋಗುವುದು, ಮಾತು ತೊದಲುವುದು ಬಿಸಿಲಾಘಾತದ ಸೂಚನೆಗಳು. ಅಂಥವರನ್ನು ಕೂಡಲೇ ನೆರಳಿಗೆ ಒಯ್ದು ಮೈಗೆ ತಣ್ಣೀರು ಹಾಕಿ ಗಾಳಿ ಬೀಸಬೇಕು. ‘ಇನ್ನೊಂದು ಫರ್ಲಾಂಗು ಅಷ್ಟೇ’ ಎಂದು ನಡೆಸಬಾರದು.

ಬುತ್ತಿಯ ವಿಷಯದಲ್ಲಿ ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಉಳ್ಳಾಗಡ್ಡಿ. ಹಗುರ, ಕೆಡುವುದಿಲ್ಲ, ಒಲೆ ಬೇಡ, ಪ್ಲಾಸ್ಟಿಕ್ ಹೊದಿಕೆಯೂ ಬೇಡ. ದುಬಾರಿ ಬೆಲೆಯ ಚಾರಣದ ತಿನಿಸುಗಳು ಇದಕ್ಕಿಂತ ಮೇಲೆಂದು ಹೇಳಲಾಗದು.

ಹಾವು

ಒಣ ಎಲೆ, ಕಲ್ಲು ಸಂದಿ, ಇಲಿಗಳಿರುವ ಹೊಲದಂಚು ಹಾವುಗಳಿಗೆ ಪ್ರಿಯ. ಕಾಲು ಮುಚ್ಚುವ ಬೂಟು, ಉದ್ದ ಪ್ಯಾಂಟು, ಕತ್ತಲಾದ ಮೇಲೆ ಬ್ಯಾಟರಿ ಕಡ್ಡಾಯ. ಕಚ್ಚಿದರೆ ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗ ಬಿಗಿಯುವುದು ಇವೆಲ್ಲ ಹಾನಿಯನ್ನೇ ಹೆಚ್ಚಿಸುತ್ತವೆ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಉಂಗುರ, ಗಡಿಯಾರಗಳನ್ನು ತೆಗೆದು, ಪ್ರತಿವಿಷ ಸಿಗುವ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಆಂಬುಲೆನ್ಸ್‌ಗೆ 108, ತುರ್ತು ನೆರವಿಗೆ 112, ಅರಣ್ಯ ಸಹಾಯವಾಣಿಗೆ 1926. ಕಾಡಿನೊಳಗೆ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲವಾದ್ದರಿಂದ, ಒಬ್ಬರೇ ನಡೆಯುವುದಂತೂ ಸಲ್ಲದು.

ತಾಂಡಾಗಳು

ಈ ಕಾಡು ನಿರ್ಜನವಲ್ಲ. ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ಧಾಮವೆಂಬ ಘೋಷಣೆಗೆ ಎಷ್ಟೋ ಮೊದಲಿನಿಂದ ಇಲ್ಲಿ ನೆಲೆಸಿದವರು ಇವರು. ಮಳೆಯಾಧಾರಿತ ಬೆಳೆ ಕೈಗೆ ಬಂದ ಮೇಲೆ ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ದುಡಿಯಲು ಹೋಗುವ ಕುಟುಂಬಗಳು ಅನೇಕ. ಕಾಡಿನ ಕಾಯ್ದೆ ಒಂದೆಡೆ, ದನ ಮೇಯಿಸುವ ಹಾಗೂ ಉಳುಮೆಯ ಹಕ್ಕಿನ ಪ್ರಶ್ನೆ ಇನ್ನೊಂದೆಡೆ. ಸ್ಥಳಾಂತರದ ಮಾತು ಎದ್ದಾಗಲೆಲ್ಲ ಇಲ್ಲಿ ಆತಂಕ ಹುಟ್ಟುತ್ತದೆ. ಕ್ಯಾಮೆರಾ ಹಿಡಿದು ಬಂದ ಅಪರಿಚಿತರನ್ನು ಅನುಮಾನದಿಂದ ನೋಡಿದರೆ ಅದಕ್ಕೆ ಕಾರಣವಿದೆ. ಕೇಳದೆ ಹೆಂಗಸರ, ಮಕ್ಕಳ ಚಿತ್ರ ತೆಗೆಯಬಾರದು. ಹೊಲದಲ್ಲಿ ಅಡ್ಡಹಾಯಬಾರದು. ದಾರಿ ತೋರಿಸಲು ಊರಿನವರನ್ನೇ ಇಲಾಖೆಯ ಮೂಲಕ ಗೊತ್ತುಮಾಡಿಕೊಂಡು ಒಂದು ದಿನದ ಕೂಲಿಗೆ ಕಡಿಮೆಯಾಗದಂತೆ ಕೊಟ್ಟರೆ, ಪ್ರವಾಸದ ದುಡ್ಡಿನಲ್ಲಿ ಒಂದು ಪಾಲಾದರೂ ಕಾಡಿನವರಿಗೆ ಸಲ್ಲುತ್ತದೆ. ಕನ್ನಡ, ತೆಲುಗು, ಲಂಬಾಣಿ, ದಖನಿ ಉರ್ದು ಕಲೆತ ಗಡಿ ಇದು. ಮಾತಿಗೆ ತೊಂದರೆ ಇಲ್ಲ.

ಭಾನುವಾರ ಮಧ್ಯಾಹ್ನ ಚಿಂಚೋಳಿ ಬಿಟ್ಟವರಿಗೆ ಸೇಡಂ ದಾಟಿದ ಮೇಲೆ ಮಳಖೇಡದಲ್ಲಿ ಒಂದು ಗಂಟೆ ಇಳಿಯಲು ಸಮಯ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ. ಕಾಗಿಣಾ ದಂಡೆಯ ಕೋಟೆ, ನೇಮಿನಾಥ ಬಸದಿ, ಜಯತೀರ್ಥರ ವೃಂದಾವನ ಇಲ್ಲಿವೆ. ರಾತ್ರಿಯ ರೈಲು ಹಿಡಿಯುವವರು ಕತ್ತಲಾಗುವ ಮೊದಲೇ ಅಲ್ಲಿಂದ ವಾಡಿಯ ದಾರಿ ಹಿಡಿಯಬೇಕು. ಸಿಮೆಂಟ್ ಲಾರಿಗಳ ಓಡಾಟದಿಂದಾಗಿ ಆ ರಸ್ತೆಯಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.