ವಿರಿಯಲೈಜ್ ಆಟೊಮೇಷನ್: ಅಳವಡಿಕೆಗೆ ಮುನ್ನ

ದೊಡ್ಡ ಸಂಸ್ಥೆಯ ಸಿಬ್ಬಂದಿಗೆ ಹೊಸ ಸರ್ವರ್ ಬೇಕಾದಾಗ ಐಟಿ ವಿಭಾಗಕ್ಕೆ ಕೋರಿಕೆ ಸಲ್ಲಿಸಿ ದಿನಗಟ್ಟಲೆ ಕಾಯಬೇಕಾಗುವುದುಂಟು. ಪೋರ್ಟಲ್‌ನಲ್ಲಿ ಆಯ್ಕೆ ಮಾಡಿದರೆ ಸರ್ವರ್ ತಾನಾಗಿಯೇ ಸಿದ್ಧವಾಗುವ ಏರ್ಪಾಡನ್ನು ಕೊಡುವ ತಂತ್ರಾಂಶಗಳಲ್ಲಿ ವಿಎಂವೇರ್‌ನ ವಿರಿಯಲೈಜ್ ಆಟೊಮೇಷನ್ ಪ್ರಮುಖವಾದುದು.

ಹಿನ್ನೆಲೆ

2012ರಲ್ಲಿ ವಿಎಂವೇರ್ ಖರೀದಿಸಿದ ಡೈನಾಮಿಕ್‌ಆಪ್ಸ್ ಕಂಪನಿಯ ಉತ್ಪನ್ನವೇ ಇದರ ಮೂಲ. 7ನೇ ಆವೃತ್ತಿಗೆ ಲಿನಕ್ಸ್ ಅಪ್ಲಯನ್ಸ್ (ತಂತ್ರಾಂಶ ಮೊದಲೇ ತುಂಬಿದ ಸಿದ್ಧ ವರ್ಚುವಲ್ ಯಂತ್ರ) ಜೊತೆಗೆ ವಿಂಡೋಸ್ ಸರ್ವರ್, ಎಸ್‌ಕ್ಯೂಎಲ್ ಡೇಟಾಬೇಸ್ ಕೂಡ ಬೇಕಿತ್ತು. 2019ರ 8ನೇ ಆವೃತ್ತಿ ವಿಂಡೋಸ್, ಎಸ್‌ಕ್ಯೂಎಲ್ ಎರಡನ್ನೂ ಕೈಬಿಟ್ಟು, ಕುಬರ್ನೆಟೀಸ್ ಆಧಾರದ ಒಂದೇ ಅಪ್ಲಯನ್ಸ್ ಆಯಿತು. 2022ರಲ್ಲಿ ಆರಿಯಾ ಆಟೊಮೇಷನ್ ಎಂದು ಹೆಸರು ಬದಲಾಯಿತು. ಮುಂದಿನ ವಿವರ 8ನೇ ಆವೃತ್ತಿಗೆ ಸಂಬಂಧಿಸಿದ್ದು.

ಒಂದು ನೋಡ್ ಸಾಕೇ?

ಪ್ರಯೋಗಕ್ಕೆ ಒಂದು ನೋಡ್, ಅಂದರೆ ಅಪ್ಲಯನ್ಸ್‌ನ ಒಂದು ಪ್ರತಿ, ಸಾಕು. ನಿತ್ಯದ ಸೇವೆ ನಿಲ್ಲಬಾರದೆಂದರೆ ಮೂರು ಬೇಕು. ನೋಡ್‌ಗಳು ಬಹುಮತದಿಂದ ನಿರ್ಧರಿಸುವುದರಿಂದ, ಎರಡೇ ಇದ್ದು ಒಂದು ಕೆಟ್ಟರೆ ಉಳಿದದ್ದಕ್ಕೆ ಬಹುಮತ ಸಿಗದೆ ನಿರ್ಧಾರ ನಿಲ್ಲುತ್ತದೆ. ಮಧ್ಯಮ ಗಾತ್ರದ ಪ್ರತಿ ನೋಡ್‌ಗೆ 12 ವಿಸಿಪಿಯು, ಸುಮಾರು 42 ಜಿಬಿ ಮೆಮೊರಿ ಮೀಸಲಿಡಬೇಕು. ನೋಡ್‌ಗಳ ನಡುವಿನ ಜಾಲ ವಿಳಂಬ 5 ಮಿಲಿಸೆಕೆಂಡ್ ಮೀರಬಾರದು. ಮೂರು ನೋಡ್‌ಗಳ ಮುಂದೆ ಕೋರಿಕೆಗಳನ್ನು ಅವುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಇರಲೇಬೇಕು.

ಹೆಸರು, ವಿಳಾಸ, ಗಡಿಯಾರ

ಪ್ರತಿ ನೋಡ್‌ಗೂ ಸ್ಥಿರ ಐಪಿ ವಿಳಾಸ ಕೊಟ್ಟು, ಡಿಎನ್‌ಎಸ್‌ನಲ್ಲಿ ಹೆಸರಿನಿಂದ ವಿಳಾಸವೂ ವಿಳಾಸದಿಂದ ಹೆಸರೂ ಸಿಗುವಂತೆ ಮೊದಲೇ ದಾಖಲಿಸಬೇಕು. ಎಲ್ಲ ಯಂತ್ರಗಳ ಸಮಯವೂ ಎನ್‌ಟಿಪಿ ಮೂಲಕ ಒಂದೇ ಆಗಿರಬೇಕು. ವ್ಯತ್ಯಾಸ ಬಂದರೆ ಲಾಗಿನ್ ಟೋಕನ್ ತಿರಸ್ಕೃತವಾಗುತ್ತದೆ.

ಸುಲಭವಾಗಿ ಕಣ್ತಪ್ಪುವುದು ಒಳಜಾಲದ ವಿಳಾಸಗಳು. ಅಪ್ಲಯನ್ಸ್ ತನ್ನೊಳಗಿನ ಬಳಕೆಗೆ 10.244.0.0ರಿಂದ 10.244.7.255ರವರೆಗಿನ ವಿಳಾಸಗಳನ್ನು ಹಿಡಿದುಕೊಂಡಿರುತ್ತದೆ. ಸಂಸ್ಥೆಯ ಆ್ಯಕ್ಟಿವ್ ಡೈರೆಕ್ಟರಿ ಸರ್ವರ್ 10.244.2.15ರಲ್ಲಿದ್ದರೆ ಅದಕ್ಕೆ ಹೋಗಬೇಕಾದ ಸಂದೇಶ ಅಪ್ಲಯನ್ಸ್ ಒಳಗೇ ಉಳಿಯುತ್ತದೆ. ಪಿಂಗ್ ಮುಟ್ಟುವುದಿಲ್ಲ, ಕಾರಣವೂ ಹೊಳೆಯುವುದಿಲ್ಲ. ಆದ್ದರಿಂದ ನೆಟ್‌ವರ್ಕ್ ತಂಡವನ್ನು ಮೊದಲೇ ಕೇಳಿ, ಘರ್ಷಣೆಯಿದ್ದರೆ ಬೇರೆ ಶ್ರೇಣಿ ನಿಗದಿ ಮಾಡಬೇಕು.

ಪ್ರಮಾಣಪತ್ರ

ಎಸ್‌ಎಸ್‌ಎಲ್ ಪ್ರಮಾಣಪತ್ರದಲ್ಲಿ ಮೂರೂ ನೋಡ್‌ಗಳ ಪೂರ್ಣ ಹೆಸರಿನ ಜೊತೆಗೆ ಲೋಡ್ ಬ್ಯಾಲೆನ್ಸರ್ ಹೆಸರೂ ಇರಬೇಕು. ಬಳಕೆದಾರರು ಬ್ರೌಸರ್‌ನಲ್ಲಿ ಟೈಪ್ ಮಾಡುವುದು ಆ ಹೆಸರನ್ನೇ.

ಅಳವಡಿಕೆಯ ಕ್ರಮ

ಈಸಿ ಇನ್‌ಸ್ಟಾಲರ್ ಮೂರು ಭಾಗಗಳನ್ನು ಕೂರಿಸುತ್ತದೆ: ಮೇಲುಸ್ತುವಾರಿಗೆ ಲೈಫ್‌ಸೈಕಲ್ ಮ್ಯಾನೇಜರ್, ಲಾಗಿನ್‌ಗೆ ವರ್ಕ್‌ಸ್ಪೇಸ್ ಒನ್ ಆ್ಯಕ್ಸೆಸ್, ನಂತರ ಆಟೊಮೇಷನ್. 7ನೇ ಆವೃತ್ತಿಯನ್ನು ಇದ್ದಲ್ಲೇ 8ಕ್ಕೆ ಏರಿಸಲಾಗದು. ಹೊಸದಾಗಿ ಅಳವಡಿಸಿ ಹಳೆಯದನ್ನು ಸ್ಥಳಾಂತರಿಸಬೇಕು. ಅದಕ್ಕೂ ಸಮಯ, ಜಾಗ ಎತ್ತಿಡಬೇಕು.

ಇನ್‌ಸ್ಟಾಲರ್ ಕೇಳುವ ಪ್ರತಿ ಪ್ರಶ್ನೆಗೂ ಉತ್ತರ ಬರೆದಿಟ್ಟ ಒಂದು ಹಾಳೆ ಕೈಯಲ್ಲಿಲ್ಲದಿದ್ದರೆ, ಅಳವಡಿಕೆಯನ್ನು ಮುಂದೂಡುವುದೇ ಜಾಣತನ.